ಇಪ್ಪತ್ನಾಲ್ಕನೇ ಚೀಲದ ಹೆಸರು ಗಾಳೆಪ್ಪ

ಮನರಂಜನಾ ಪಾರ್ಕುಗಳ ಸುರಕ್ಷತೆಗೆ ಸಹಿ ಹಾಕುವ ಅಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ವರದಿಯ ನಾಲ್ಕನೆಯ ಪುಟದಲ್ಲಿ ಒಂದು ಚೀಲ ಹೆಚ್ಚಾಗಿದೆ, ಒಬ್ಬ ಮನುಷ್ಯ ಕಡಿಮೆಯಾಗಿದ್ದಾನೆ. ದಯವಿಟ್ಟು ತಿದ್ದಿ. ಇದೇ ಮಾತನ್ನು ನಿಮ್ಮ ಕಚೇರಿಗೆ ಮೂರು ಸಲ ಮುಚ್ಚಿದ ಲಕೋಟೆಯಲ್ಲಿ ಬರೆದೆ. ಮುಚ್ಚಿದ್ದು ಮುಚ್ಚಿಯೇ ಉಳಿಯಿತು. ಆದ್ದರಿಂದ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿಗೆ ಹೋಗುವ ರಸ್ತೆಯ ಪಕ್ಕದ ಪಾರ್ಕಿನಲ್ಲಿ ಎದ್ದಿರುವ ಉಕ್ಕಿನ ರೋಲರ್ ಕೋಸ್ಟರ್ ನಿಮಗೆ ಮರೆತಿರಲಾರದು. ನಿನ್ನೆ ಮೊನ್ನೆಯವರೆಗೆ ಅಲ್ಲಿ ಒಂದು ಜಾರುಬಂಡೆ, ಒಂದು ನೀರಿನ ತೊಟ್ಟಿ, ಡಿಕ್ಕಿ ಹೊಡೆದಾಡುವ ನಾಲ್ಕು ಕಾರು ಇದ್ದವು. ಈಗ ಬಸ್ಸಿನಲ್ಲಿ ಹೋಗುವ ಕೊಟ್ಟೂರಿನ ಮಂದಿ ಕಿಟಕಿಯಿಂದ ಕತ್ತು ಹೊರಹಾಕಿ, ಕಂಡಕ್ಟರ್ ಬೈದರೂ ಒಳಗೆ ಎಳೆದುಕೊಳ್ಳುವುದಿಲ್ಲ. ನಾನೂ ಹಿಗ್ಗಿದವನೇ. ಪಾರ್ಕಿನವರು ಬಂದು, "ಸರ್, ನೀವು ಕನ್ನಡ ಮಾಸ್ತರು, ನಗಿಸೋದ್ರಾಗ ಹೆಸರಾದೋರು, ಬಾಗಿಲ ಮ್ಯಾಲೆ ಹಾಕಾಕ ಒಂದು ಸಾಲು ಬರ್ಕೊಡ್ರಿ" ಅಂದಾಗ ಒಂದೇ ಉಸಿರಿಗೆ ಬರೆದುಕೊಟ್ಟೆ: "ಉಕ್ಕಿನ ಮೇಲೆ ಉಕ್ಕುವ ಹರುಷ, ಜೀವ ಬಾಯಿಗೆ ಬರಲಿ, ಬಾಯಿಗೆ ನಗು ಬರಲಿ." ಆಳೆತ್ತರದ ಅಕ್ಷರಗಳಲ್ಲಿ ಅದು ಇನ್ನೂ ಅಲ್ಲೇ ಇದೆ. ಅದರ ಕೆಳಗೆ ನಡೆದು ಹೋಗುವ ಧೈರ್ಯ ನನಗಿಲ್ಲ.

ಪರೀಕ್ಷಾರ್ಥ ಓಟದ ದಿನ ನನ್ನನ್ನೂ ಕರೆದಿದ್ದರು. ಜನರನ್ನು ಕೂರಿಸುವ ಮೊದಲು ಪ್ರತಿ ಸೀಟಿನಲ್ಲೂ ಮರಳಿನ ಚೀಲ ಇಟ್ಟು ಬಂಡಿ ಓಡಿಸಬೇಕು ಎಂಬುದು ನಿಯಮವಂತೆ. ಒಳ್ಳೆಯ ನಿಯಮ. ಇಪ್ಪತ್ನಾಲ್ಕು ಸೀಟು, ಇಪ್ಪತ್ನಾಲ್ಕು ಚೀಲ. ಎತ್ತಿಡಲು ನಮ್ಮ ಎಪಿಎಂಸಿ ಯಾರ್ಡಿನ ಹಮಾಲರನ್ನು ಕರೆಸಿದ್ದರು. ಅವರಲ್ಲಿ ಒಬ್ಬ ಗಾಳೆಪ್ಪ. ಪ್ರೈಮರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತವರು. ಮುಂದೆ ನಾನು ಪುಸ್ತಕ ಹೊತ್ತೆ, ಅವನು ಚೀಲ ಹೊತ್ತ.

ಗಾಳೆಪ್ಪ ಯಾರೆಂದು ನಿಮಗೆ ಹೇಳಲೇಬೇಕು, ಏಕೆಂದರೆ ಅವನ ತಪ್ಪು ಅಲ್ಲಿಂದಲೇ ಹುಟ್ಟಿದ್ದು. ನಮ್ಮ ಯಾರ್ಡಿನಲ್ಲಿ ಸೋಮವಾರ ವ್ಯಾಪಾರ ಶುರುವಾಗುವ ಮುಂಚೆ ಅವನು ಚಪ್ಪಲಿ ಬಿಟ್ಟು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನಿಲ್ಲುತ್ತಿದ್ದ. ಅರವತ್ತೆರಡು ಕಿಲೋ ತೋರಿಸಿದರೆ ತಕ್ಕಡಿ ಸಾಚಾ, ಇಲ್ಲದಿದ್ದರೆ ಆ ತಕ್ಕಡಿಗೆ ಅವತ್ತು ರಜೆ. ಹೊಸಹಳ್ಳಿಯಿಂದ ಶೇಂಗಾ ತಂದವರೂ, ಕೊಳ್ಳುವ ದಲ್ಲಾಳಿಗಳೂ ನಿಮ್ಮಂಥವರ ಮುದ್ರೆಗಿಂತ ಗಾಳೆಪ್ಪನ ಮೈಯನ್ನು ಹೆಚ್ಚು ನಂಬಿದ್ದರು. ಅವನೂ ಆ ನಂಬಿಕೆಗೆ ನಡೆದುಕೊಂಡ. ಭಾನುವಾರ ಮನೆಯಲ್ಲಿ ಹೋಳಿಗೆ ಮಾಡಿದರೆ ಎರಡನೆಯದಕ್ಕೆ ಕೈ ಹಾಕುತ್ತಿರಲಿಲ್ಲ. "ನಾ ತಪ್ಪಿದ್ರ ಇಡೀ ಸಂತಿ ತಪ್ಪತೈತಿ" ಅನ್ನುತ್ತಿದ್ದ. ಇಷ್ಟು ನಿಷ್ಠೆ ಇರುವ ಇಲಾಖೆ ಯಾವುದಾದರೂ ಇದ್ದರೆ ತಿಳಿಸಿ, ಹೋಗಿ ನೋಡಿ ಬರುತ್ತೇನೆ.

ಆ ದಿನ ಕೊನೆಯ ಚೀಲ ಎತ್ತುವಾಗ ಹರಿದು ಮರಳೆಲ್ಲ ಸುರಿಯಿತು. ಇನ್ನೊಂದು ಚೀಲ ಇರಲಿಲ್ಲ. ತರಿಸಲು ಅರ್ಧ ತಾಸು ಬೇಕೆಂದು ಮ್ಯಾನೇಜರ್ ಕೈಕೈ ಹಿಸುಕಿಕೊಂಡರು. ಶಾಮಿಯಾನದ ನೆರಳಲ್ಲಿ ಎಳನೀರು ಕುಡಿಯುತ್ತಿದ್ದ ತಾವು ಗಡಿಯಾರ ನೋಡಿ, "ಏನಾದರೂ ಮಾಡಿ, ಬೇಗ ಮುಗಿಸಿ" ಅಂದಿರಿ. ಆ "ಏನಾದರೂ" ಎಂಬುದರೊಳಗೆ ನಮ್ಮ ಗಾಳೆಪ್ಪನೂ ಸೇರಿದ್ದ.

"ತೂಕ ಬೇಕಲ್ರಿ ನಿಮಗ? ತೂಕ ಇಲ್ಲೇ ನಿಂತೈತಿ" ಅಂದವನೇ ಹೋಗಿ ಕೊನೆಯ ಸೀಟಿನಲ್ಲಿ ಕೂತ.

ಜೊತೆಯ ಹಮಾಲ ಎರ್ರೆಪ್ಪ ಗದರಿದ: "ಇಳಿಯಲೇ! ನೀ ಏನ್ ಚೀಲ ಏನು?"

"ಮೂವತ್ತು ವರ್ಷ ಹೊತ್ತೀನಲೇ. ಒಂದ್ ದಿನ ಚೀಲ ಆಗಿ ನೋಡ್ತೀನಿ ತಡಿ. ಯಾರರ ನನ್ನ ಹೊರಲಿ."

ಚೀಲಗಳ ಮೇಲೆ ಸೀಟಿನ ಕಬ್ಬಿಣದ ಪಟ್ಟಿ ಕೂರುತ್ತಿರಲಿಲ್ಲ. ಎಲ್ಲವನ್ನೂ ನಡುವಿಗೆ ಹಗ್ಗ ಬಿಗಿದು ಕಟ್ಟಿದ್ದರು. ಇವನಿಗೂ ಅದೇ ಹಗ್ಗ. ಪಟ್ಟಿ ಹಾಕಿ ಎಂದು ಮ್ಯಾನೇಜರ್ ಹೇಳಲಿಲ್ಲ, ನೀವು ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಮಾಡಿದ್ದು ನನ್ನ ಕೈಲಾದ ಕೆಲಸ. "ನೋಡ್ರಲೇ, ಗಾಳೆಪ್ಪ ಗಾಳಿಗೆ ಹೊಂಟ!" ಅಂತ ಚಟಾಕಿ ಹಾರಿಸಿದೆ. ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಎಳನೀರು ನೆತ್ತಿಗೇರಿ ಕೆಮ್ಮಿದಿರಿ. ಆದ್ದರಿಂದ, ಮಾನ್ಯರೇ, ಅಲ್ಲಿ ಮನುಷ್ಯನಿದ್ದದ್ದು ಕಾಣಲಿಲ್ಲ ಎನ್ನಬೇಡಿ. ಮರಳಿನ ಚೀಲ ನೋಡಿ ಯಾರೂ ಹಾಗೆ ನಗುವುದಿಲ್ಲ.

ಬಂಡಿ ತುದಿಗೆ ಏರಿತು. ಅಷ್ಟೆತ್ತರದಿಂದ ಅವನು ನನ್ನನ್ನು ಕೂಗಿದ: "ಲೇ ಸಿದ್ಯಾ, ನಮ್ಮ ಮನಿ ಕಾಣ್ತೈತಲೇ!" ಆಮೇಲೆ ಇಳಿಯಿತು, ತಿರುಗಿತು, ಮಗುಚಿ ಎದ್ದಿತು. ಕೊನೆಗೆ ಮೆಲ್ಲಗೆ ಹಿಡಿಯಬೇಕಾದ ಬ್ರೇಕು ಒಮ್ಮೆಲೇ ಕಚ್ಚಿತು. ಇಪ್ಪತ್ಮೂರು ಚೀಲಗಳು ಹಗ್ಗದೊಳಗೇ ಮುಂದಕ್ಕೆ ಬಾಗಿ ನಿಂತವು. ಇಪ್ಪತ್ನಾಲ್ಕನೆಯದೂ ಬಾಗಿತು. ಎರ್ರೆಪ್ಪ ಓಡಿಹೋಗಿ ಹಗ್ಗ ಬಿಚ್ಚಿ, "ಏಳಲೇ ಸಾಕು, ನಾಟಕ ಮಾಡಬ್ಯಾಡ" ಅಂದ. ಗಾಳೆಪ್ಪ ನಾಟಕ ಮಾಡುತ್ತಿರಲಿಲ್ಲ. "ಕಾಲು ಎಲ್ಲಿ ಹೋದ್ವಲೇ?" ಎಂದು ಕೇಳಿದ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ಅವನ ಪಾದಕ್ಕೆ ಸೂಜಿ ಚುಚ್ಚುತ್ತ, "ಇಲ್ಲಿ ಗೊತ್ತಾಗ್ತದಾ? ಇಲ್ಲಿ?" ಎಂದು ಕೇಳುತ್ತ ಮೇಲೆ ಮೇಲೆ ಬಂದರು. ನಡು ಬರುವ ತನಕ ಅವನು ಇಲ್ಲವೆಂದು ತಲೆ ಅಲ್ಲಾಡಿಸುತ್ತಲೇ ಇದ್ದ. ಬೆನ್ನಿಗೆ ಚೀಲ ಬಿದ್ದ ಕೂಡಲೇ "ಅರ್ಧ ಕಿಲೋ ಕಮ್ಮಿ ಐತಿ ನೋಡ್ರಿ ಸಾವ್ಕಾರ್ರ" ಎನ್ನುತ್ತಿದ್ದ ಬೆನ್ನು ಅದು. ಈಗ ಅದರ ಕೆಳಗೆ ಎಲ್ಲಿ ನೊಣ ಕೂತರೂ ಹೆಂಡತಿ ನೋಡಿ ಹೇಳಬೇಕು. ಯಾರಾದರೂ ನನ್ನ ಹೊರಲಿ ಎಂದಿದ್ದನಲ್ಲ, ಆ ಮಾತು ಅವನು ನೆನೆಸದ ರೀತಿಯಲ್ಲಿ ನಡೆಯಿತು. ದಿನಾ ಬೆಳಗ್ಗೆ ಎರ್ರೆಪ್ಪ ಬಂದು ಅವನನ್ನು ಎತ್ತಿ ಅಂಗಳದ ಬಿಸಿಲಿಗೆ ಹಾಕುತ್ತಾನೆ.

ಇನ್ನು ನಿಮ್ಮ ವರದಿ. ಪಾರ್ಕಿನವರು ಅದರ ನಾಲ್ಕನೆಯ ಪುಟಕ್ಕೆ ಕಟ್ಟು ಹಾಕಿಸಿ ಬಾಗಿಲ ಹೊರಗಿನ ಟಿಕೆಟ್ ಕೌಂಟರಿನ ಪಕ್ಕ ತೂಗುಹಾಕಿದ್ದಾರೆ. ನಿಂತು ಓದಿದೆ. "ತಲಾ ಎಪ್ಪತ್ತೈದು ಕಿಲೋ ತೂಕದ ಇಪ್ಪತ್ನಾಲ್ಕು ಮರಳಿನ ಚೀಲಗಳೊಂದಿಗೆ ಓಟ ನಡೆಸಲಾಯಿತು. ಬ್ರೇಕ್ ತೃಪ್ತಿಕರ. ಹೊರೆಗೆ ಯಾವುದೇ ಹಾನಿಯಾಗಿರುವುದಿಲ್ಲ." ಮಾನ್ಯರೇ, ಇಪ್ಪತ್ತೆಂಟು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಮೇಲ್ವಿಚಾರಣೆ ಮಾಡಿದ್ದೇನೆ. ಗೈರಾದವನನ್ನು ಹಾಜರು ಎಂದು ಬರೆದವರನ್ನು ಕಂಡಿದ್ದೇನೆ. ಹಾಜರಿದ್ದವನನ್ನು ಚೀಲ ಎಂದು ಬರೆದವರನ್ನು ನಿಮ್ಮಲ್ಲೇ ಮೊದಲು ಕಂಡದ್ದು. ನೀವು ಸಹಿ ಹಾಕಿದಿರಿ, ಅವನು ಸಹಿಸಿದ. ಕೆಲಸ ಎಷ್ಟು ಅಚ್ಚುಕಟ್ಟಾಗಿ ಹಂಚಿಹೋಯಿತು!

ಹೊರೆಗೆ ಹಾನಿಯಾಗಿಲ್ಲವೇ? ಹಾಗಾದರೆ ನಿಮ್ಮ ಕಾರಿನ ಮುಂದೆಯೇ ಹೊರಟ ಆಂಬುಲೆನ್ಸು ಏನನ್ನು ಹೊತ್ತು ಹೋಯಿತು, ಮರಳನ್ನೇ? ಗಾಳೆಪ್ಪನ ಹೆಂಡತಿ ಉಚ್ಚಂಗೆಮ್ಮನಿಗೆ ಆ ಸಾಲು ಓದಿ ಹೇಳಿದಾಗ ಅವಳು ಅಳಲಿಲ್ಲ. ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟು ಕೇಳಿದಳು: "ಚೀಲ ಹರಿದ್ರ ದಬ್ಬಣ ಹಿಡಿದು ಹೊಲೀತಾರಲ್ರಿ ಸರ. ಇವರನ್ನ ಯಾವ ದಬ್ಬಣದಾಗ ಹೊಲೀಲಿ?" ಉತ್ತರ ನಿಮ್ಮ ಹತ್ತಿರ ಇದ್ದರೆ ಹೇಳಿ ಕಳಿಸಿ.

ಅವನು ತಾನಾಗಿಯೇ ಹೋಗಿ ಕೂತದ್ದು ಎಂದು ನೀವು ಹೇಳಬಹುದು. ಹೌದು, ಕೂತ. ತಕ್ಕಡಿಯ ಮೇಲೆ ನಿಂತು ನಿಂತು, ಎಲ್ಲಿ ತೂಕ ಬೇಕೋ ಅಲ್ಲಿ ತನ್ನ ಮೈ ಕೊಡುವುದು ಮರ್ಯಾದೆಯ ಕೆಲಸ ಎಂದು ತಿಳಿದಿದ್ದ. ಆ ತಪ್ಪು ಅವನದು, ಅವನು ಒಪ್ಪಿದ್ದಾನೆ. ನಗಿಸಿದ್ದು ನನ್ನ ತಪ್ಪು, ಇಲ್ಲಿ ಒಪ್ಪಿದ್ದೇನೆ. ನಾಲ್ಕನೆಯ ಪುಟ ಯಾರದು?

ಬರುವ ಭಾನುವಾರ ಉದ್ಘಾಟನೆಯಂತೆ. ಹಡಗಲಿ, ಹರಪನಹಳ್ಳಿ ಕಡೆಯ ಶಾಲೆಗಳು ಬಸ್ಸು ಹೇಳಿವೆ. ನನ್ನ ಕಾಲೇಜಿನದೇ ಎರಡು ಬಸ್ಸು. ಅದೇ ಬಂಡಿ, ಅದೇ ತೃಪ್ತಿಕರ ಬ್ರೇಕು. ಮಕ್ಕಳಿಗೆ ಕಬ್ಬಿಣದ ಪಟ್ಟಿ ಹಾಕುತ್ತಾರೆ, ನಿಜ. ಆದರೆ ಬ್ರೇಕು ಕಚ್ಚಿದ್ದೇ ಕಾಗದದಲ್ಲಿ ಇಲ್ಲದ ಮೇಲೆ ಅದನ್ನು ಸರಿಮಾಡುವವರು ಯಾರು, ಯಾಕಾದರೂ ಮಾಡಿಯಾರು? ಆದ್ದರಿಂದ ಉದ್ಘಾಟನೆ ನಿಲ್ಲಿಸಿ. ಇಪ್ಪತ್ನಾಲ್ಕೂ ಸೀಟಿಗೆ ನಿಜವಾದ ಚೀಲ ಹಾಕಿ ಮತ್ತೆ ಓಡಿಸಿ. ನಾಲ್ಕನೆಯ ಪುಟವನ್ನು ಹೊಸದಾಗಿ ಬರೆಯಿರಿ: ಇಪ್ಪತ್ಮೂರು ಚೀಲ, ಒಬ್ಬ ಮನುಷ್ಯ, ಹೆಸರು ಗಾಳೆಪ್ಪ, ಹೊರೆಗೆ ಹಾನಿಯಾಗಿದೆ. ಅದನ್ನು ಅಂಚೆಗೆ ಹಾಕಬೇಡಿ. ತಂದು ಅವನ ಅಂಗಳದಲ್ಲಿ ನಿಂತು ಓದಿ.

ಹೇಗೂ ಬರುತ್ತೀರಿ, ಇನ್ನೊಂದು ಅಂಕಿಯನ್ನೂ ತಿದ್ದಿಕೊಂಡು ಬನ್ನಿ. ಇದು ನನ್ನ ಬೇಡಿಕೆಯಲ್ಲ, ಅವನದು. ಮೊನ್ನೆ ಸೋಮವಾರ ವರದಿಯನ್ನು ಅವನಿಗೂ ಓದಿ ಹೇಳಿದೆ. ಚೀಲ ಎಂದು ಬರೆದದ್ದಕ್ಕೆ ಸಿಟ್ಟು ಮಾಡುತ್ತಾನೆ ಅಂದುಕೊಂಡಿದ್ದೆ. ತೂಕದ ಅಂಕಿ ಬಂದಲ್ಲಿ ತಡೆದು ಇನ್ನೊಮ್ಮೆ ಓದಿಸಿದ. ಯಾರ್ಡಿನ ಕಡೆಗೆ ಹೋಗುವ ಟ್ರ್ಯಾಕ್ಟರುಗಳ ಸದ್ದು ಬರುತ್ತಿತ್ತು. ಅವನಿಲ್ಲದೆ ತಕ್ಕಡಿಗಳು ಅವತ್ತೂ ತೂಗುತ್ತಿದ್ದವು. ಆಮೇಲೆ ಮೆಲ್ಲಗೆ ಅಂದ:

"ಎಪ್ಪತ್ತೈದು ಅಂತ ಬರದಾರೇನಲೇ? ನಾ ಅರವತ್ತೆರಡು. ಹದಿಮೂರು ಕಿಲೋ ಸುಳ್ಳು ಐತಿ. ಅದನ್ನ ಮೊದಲು ತಿದ್ದಾಕ ಹೇಳು."

ಇಂತಿ,
ಎಲ್ಲರನ್ನೂ ನಗಿಸಲು ಹೋಗಿ ಸಾಕ್ಷಿಯಾಗಿ ಉಳಿದ
ಗವಿಸಿದ್ದೇಶ್
ಕನ್ನಡ ಅಧ್ಯಾಪಕ, ಹಗರಿಬೊಮ್ಮನಹಳ್ಳಿ