ಅವರಿಗೆ ಸಣ್ಣ ಪಾಲಿಸಿ, ನನಗ ದೊಡ್ಡದು

ವಾಸ್ಕೊ,
೧೬ ಫೆಬ್ರುವರಿ ೨೦೨೫, ರವಿವಾರ

ಹುಲಿಗೆಮ್ಮಕ್ಕಗ, ನಿನ್ನ ಅಶ್ವಿನಿ ಕಾಲ ಮುಟ್ಟಿ ಬರಿಯೂದು.

ನೀವೆಲ್ಲಾ ಅರಾಮ ಇದ್ದೀರಿ ಅಂತ ತಿಳದೇನಿ. ನಿಮ್ಮ ಮನಿಯವರ, ಸಂಗಣ್ಣ ಮಾವನ ಮೊಣಕಾಲ ನೋವು ಹ್ಯಾಂಗೈತಿ? ಕುಷ್ಟಗಿಯಾಗ ಈಗಾಗ್ಲೇ ಬಿಸಲ ಚಾಲೂ ಆಗಿರಬೇಕು. ಇಲ್ಲಿ ಇನ್ನೂ ಮುಂಜಾನಿ ಸ್ವಲ್ಪ ತಂಪ ಐತಿ.

ನಿನ್ನ ಫೋನ್ ಎಷ್ಟೋ ಸಲ ಬಂತು, ನಾ ಎತ್ತಲಿಲ್ಲ. ತಪ್ಪ ತಿಳೀಬ್ಯಾಡ. ಫೋನಿನ್ಯಾಗ ನಾ ಒಂದ ಮಾತ ಹೇಳೂದ್ರಾಗ ನೀ ಹತ್ತ ಹೇಳ್ತಿ, ಆಮ್ಯಾಲ ನಾ ಅಳತೇನಿ, ಹೇಳಬೇಕಾದ್ದು ಅಲ್ಲೇ ಉಳೀತೈತಿ. ಬರದ್ರ ನೀ ನಡುವ ಬಾಯಿ ಹಾಕಾಕ ಬರೂದಿಲ್ಲ. ಏಳನೇತ್ತಾ ಮುಗಿಸಿದ ಮ್ಯಾಲ ಇಷ್ಟುದ್ದ ನಾ ಎಂದೂ ಬರದಿಲ್ಲ. ಅಕ್ಷರ ಸೊಟ್ಟ ಅದಾವು, ಸಾವಕಾಶ ಓದು.

ನಮ್ಮ ಮನಿಯವರಿಗೆ ಲಕ್ವಾ ಹೊಡದದ್ದು ಮಗಾ ಬಾಳು ನಿನಗ ಹೇಳ್ಯಾನಂತ. ಬಲಗೈ, ಬಲಗಾಲ ಎತ್ತಾಕ ಬರೂದಿಲ್ಲ. ಮಾತ ತೊದಲತೈತಿ, ಆದ್ರ ಬಾಜೂಕ ಕುಂತ ಕೇಳಿದ್ರ ತಿಳೀತೈತಿ. ಅಂಬಲಿ ಚಮಚಾಲೆ ಕುಡಸಬೇಕು. ಎರಡ ತಾಸಿಗೊಮ್ಮೆ ಮಗ್ಗಲಾ ಬದಲಸಬೇಕು, ಇಲ್ಲಂದ್ರ ಬೆನ್ನಿಗೆ ಹುಣ್ಣ ಆಕ್ಕಾವಂತ. ಎಲ್ಲಾ ನಾನ ಮಾಡಾಕತ್ತೇನಿ. ಇಷ್ಟ ನಿನಗ ಗೊತ್ತೈತಿ. ಹ್ಯಾಂಗಾತು ಅನ್ನೂದು ಬಾಳೂಗೂ ಗೊತ್ತಿಲ್ಲ.

ಇವರದು ಕುಂಡಯಿ ಫ್ಯಾಕ್ಟರಿಯಾಗ ಇಪ್ಪತ್ತೈದ ವರ್ಷ ತುಂಬಿತಲ್ಲ, ಅದಕ್ಕ ಮಾಲಕರು ಆರ ಮಂದಿ ಸುಪರ್‌ವೈಜರ್‌ಗೆ ಗಂಡ ಹೆಂಡತಿ ಕೂಡಿ ಥಾಯ್ಲೆಂಡಕ್ಕ ಹೋಗಿ ಬರ್ರಿ ಅಂತ ಟಿಕೆಟ್ ಕೊಟ್ರು. ವಿಮಾನ, ಹೋಟೆಲ್ ಎಲ್ಲಾ ಅವರದ. ಪ್ರವಾಸದ ವಿಮಾ ಅಷ್ಟ ನೀವ ಮಾಡಸ್ಕೋರ್ರಿ ಅಂದ್ರು. ಇಲ್ಲೇ ಬಾಯ್ನಾ ಸಮುದ್ರದ ದಂಡಿ ಮ್ಯಾಲ ಸರಕಾರದವರು ನಮ್ಮ ಗುಡಸಲಾ ಒಡದ ದಿನಾ ರಸ್ತಾದಾಗ ಗಂಟ ಹೊತಗೊಂಡ ನಿಂತಾಕಿ ನಾ. ಪಾಸ್‌ಪೋರ್ಟಿಗೆ ಫೋಟೋ ತಗಸೂ ಮುಂದ ಎಷ್ಟ ನಕ್ಕೆ ಅಂದ್ರ, ಹಲ್ಲ ಕಾಣಬಾರದ್ರಿ ಅಂತ ಆ ಫೋಟೋದವ ಮೂರ ಸಲ ಬೈದ.

ಇವರ ಸ್ವಭಾವ ನಿನಗ ಗೊತ್ತ. ಗ್ಯಾಸ್ ಬಂದ ಮಾಡೇನಿ ಅಂದ್ರೂ ಎದ್ದ ಹೋಗಿ ಮುಟ್ಟಿ ನೋಡವರು. ಇವರ ಜೋಡಿ ಕೆಲಸ ಮಾಡೂ ಕೇಶಪ್ಪ ಹ್ವಾದ ವರ್ಷ ದುಬೈಕ ಹೋದಾಗ ಸಕ್ಕರಿ ರೋಗ ಮುಚ್ಚಿಟ್ಟ ವಿಮಾ ಮಾಡ್ಸಿದ್ದನಂತ. ಅಲ್ಲಿ ಕಾಲ ಕೀವ ಹಿಡದು ದವಾಖಾನಿ ಸೇರಿದ, ವಿಮಾದವರು ಸುಳ್ಳ ಬರದೀರಿ ಅಂತ ಕೈ ಎತ್ತಿದ್ರು. ಇದನ್ನ ಕೇಳಿದಾಗಿಂದ ಇವರಿಗೆ ಒಂದ ಹುಚ್ಚ ಹಿಡೀತು, ಏನೂ ಮುಚ್ಚಿಡಬಾರದು ಅಂತ.

ಡಿಸೆಂಬರದಾಗ ಇಬ್ಬರೂ ಮಡಗಾಂವಕ್ಕ ಹೋದ್ವಿ. ಮಾರ್ಕೆಟ್ ಹಿಂದಿನ ಟ್ರಾವೆಲ್ಸ್ ಆಫೀಸಿನ್ಯಾಗ ಪರ್ವೀನ ಅಂತ ಒಬ್ಬಾಕಿ ಅದಾಳ, ಹುಬ್ಬಳ್ಳಿ ಕಡಿಯಾಕಿ, ನಮ್ಮ ಮಾತ ಕೇಳಿ ಆಕಿಗೂ ಖುಷಿ ಆತು. ಕುಂಡ್ರಿಸಿ ಚಾ ಕೊಟ್ಟು ಒಂದೊಂದ ಬಿಡಿಸಿ ಹೇಳಿದ್ಲು. ಸಣ್ಣ ಪಾಲಿಸಿ ಅಂದ್ರ ಬಿದ್ದು ಪೆಟ್ಟ ಆದ್ರ, ಜ್ವರ ವಾಂತಿ ಬ್ಯಾನಿ ಹಚಗೊಂಡ್ರ, ಸಾಮಾನ ಕಳದ್ರ ಕೊಡತಾರ. ಮೊದಲ ಇದ್ದ ರೋಗದಿಂದ ಏನರ ಆದ್ರ ಕೊಡೂದಿಲ್ಲ. ದೊಡ್ಡದ್ರಾಗ ಹಳೇ ರೋಗ ಸುದ್ದಾ ಬರತೈತಿ, ಬರೇ ಮೊದಲ ಬರದ ಕೊಟ್ಟಿರಬೇಕು.

"ನನಗ ಬಿ.ಪಿ. ಐತ್ರಿ, ಎದಿಯಾಗ ಸ್ಟೆಂಟ್ ಹಾಕ್ಯಾರ," ಅಂದ್ರು ಇವರು.

"ಹಂಗಾದ್ರ ದೊಡ್ಡದ ತಗೋರ್ರಿ ಅಣ್ಣಾರ, ಇದ್ರಾಗ ಉಳಸಾಕ ಹೋಗಬ್ಯಾಡ್ರಿ. ಬಿ.ಪಿ., ಸಕ್ಕರಿ, ಆಪರೇಷನ್, ಎಲ್ಲಾ ಬರೀರಿ."

ಇವರು ಫಾರ್ಮ್ ಮನಿಗೆ ತಂದು ಎರಡ ದಿನಾ ಕುಂತ ತುಂಬಿದ್ರು. ಇಂಗ್ಲಿಷಿನ್ಯಾಗ. ನನಗ ಇಂಗ್ಲಿಷ್ ಬರೂದಿಲ್ಲ ಅನ್ನೂದು ಇವರಿಗೆ ಚಲೋ ಗೊತ್ತು. ಸಹಿ ಮಾಡಿ, ಲಕೋಟಿಯಾಗ ಹಾಕಿ, ನನಗ ರಜಾ ಇಲ್ಲ, ನೀ ಹೋಗಿ ಪರ್ವೀನಗ ಕೊಟ್ಟ ಬಾ ಅಂದ್ರು. ಇಬ್ಬರಿಗೂ ದೊಡ್ಡದ ಅಂತ ಹೇಳಿ ರೊಕ್ಕಾ ಕೊಟ್ರು.

ಪರ್ವೀನ ಕಂಪ್ಯೂಟರಿನ್ಯಾಗ ಹಾಕೋತ ಜೋರಾಗಿ ಓದಾಕತ್ತಿದ್ಲು. ಯಮನೂರಪ್ಪ, ವಯಸ್ಸು ಐವತ್ತೆರಡು. ಬಿ.ಪಿ. ಏಳ ವರ್ಷದಿಂದ. ಸ್ಟೆಂಟ್ ಎರಡ ವರ್ಷದ ಹಿಂದ. ಅಷ್ಟಾದ ಮ್ಯಾಲ ನಕ್ಕಳು.

"ಅಣ್ಣಾರ ಎಷ್ಟ ಖರೇ ಮನಶ್ಯಾರ್ರಿ. ಇದನ್ನ ಬರೀಬೇಕಾಗಿದ್ದಿಲ್ಲ. ಇದೇನ ರೋಗ ಅಲ್ಲಲ್ಲ."

"ಯಾವುದ್ರಿ?"

"ಇದ ನೋಡ್ರಿ, ಮಕ್ಕಳಾಗದಂಗ ಗಂಡಸರು ಮಾಡಸ್ಕೊಂತಾರಲ್ರಿ, ಆ ಆಪರೇಷನ್. ಎಪ್ರಿಲ್ ಎರಡ ಸಾವಿರದ ಹನ್ನೆರಡು, ಬೆಳಗಾವಿ ಅಂತ ಬರದಾರ. ಎಷ್ಟ ಮಕ್ಕಳ್ರಿ ನಿಮಗ?"

ನನ್ನ ಲಗ್ನ ಆದದ್ದು ಅದ ವರ್ಷ ಮೇ ತಿಂಗಳ, ಒಂಬತ್ತನೇ ತಾರೀಖ.

"ಒಬ್ಬ ಮಗಾ ಅದಾನ್ರಿ," ಅಂದೆ. ಬಾಳೂನ ಹೆಸರ ಹೇಳಿದೆ. ಅಂವಾ ಮೊದಲನೇಕಿ ಮಗಾ ಅನ್ನೂದನ್ನ ಹೇಳಲಿಲ್ಲ. ಆಕಿ ತೀರಿದಾಗ ಅಂವಗ ಐದ ವರ್ಷ ಇದ್ದು, ಆಮ್ಯಾಲ ಅವ್ವಾ ಅಂತ ಕರದದ್ದು ನನಗ. ಅಂವನ ಮ್ಯಾಲ ನನಗ ಅವತ್ತೂ ಸಿಟ್ಟ ಬರಲಿಲ್ಲ, ಇವತ್ತೂ ಇಲ್ಲ.

ಅಕ್ಕಾ, ಆ ಕುರ್ಚಿ ಮ್ಯಾಲ ಕುಂತಾಗ ಹದಿಮೂರ ವರ್ಷ ಒಮ್ಮೆಲೆ ನನ್ನ ಮುಂದ ಬಂತು. ಖಾನಾಪುರದ ಔಷಧದವನ ಕಹಿ ಬೇರು. ಮೂರ ವರ್ಷ ಸೋಮವಾರದ ಉಪಾಸ. ಹುಬ್ಬಳ್ಯಾಗ ಬಣ್ಣದ ನೀರ ಬಿಟ್ಟ ಎಕ್ಸರೇ ತಗದದ್ದು, ಹೊಟ್ಟಿಗೆ ತೂತ ಹಾಕಿ ದುರ್ಬೀನ ಇಟ್ಟ ನೋಡಿದ್ದು. ನೀನ ಜೋಡಿ ಇದ್ದಿ, ನಿನಗೇನ ಹೇಳೂದು. ನಿನ್ನಲ್ಲಿ ಏನೂ ದೋಷ ಇಲ್ಲವ್ವ, ಯಜಮಾನರನ್ನ ಪರೀಕ್ಷೆ ಮಾಡೋಣು ಅಂತ ಡಾಕ್ಟರಬಾಯಿ ಅಂದಾಗ ಇವರು ಏನಂದ್ರು? "ನನಗ ಮಗಾ ಹುಟ್ಟ್ಯಾನ್ರಿ, ನನ್ನದೇನ ಪರೀಕ್ಷೆ," ಅಂದ್ರು. ಅತ್ತಿ ಸಾಯೂತನಕ ನನಗ ಹೆಸರ ಹಿಡದ ಕರೀಲಿಲ್ಲ, ಬಂಜಿ ಅಂತ ಕರದ್ಲು. ಇವರು ಬಾಜೂಕ ಕುಂತ ಊಟ ಮಾಡತಿದ್ರು. ರೊಟ್ಟಿ ಹಾಕು ಅಂತಿದ್ರು.

ವಿಮಾದ ಮಂದಿಗೆ ಸುಳ್ಳ ಹೇಳಬಾರದು ಅಂತ ಎರಡ ದಿನಾ ಕುಂತ ಬರದ ಮನಶ್ಯಾ.

"ಇಬ್ಬರಿಗೂ ದೊಡ್ಡದ ಹಾಕ್ಲೇನ್ರಿ ಅಕ್ಕಾರ?" ಅಂತ ಪರ್ವೀನ ಕೇಳಿದ್ಲು.

"ಅವರಿಗೆ ಸಣ್ಣದು. ನನಗ ದೊಡ್ಡದು."

"ಉಲ್ಟಾ ಆತಲ್ರಿ. ಎದೀ ತ್ರಾಸ ಇರೂದು ಅವರಿಗೆ. ನಿಮಗೇನೂ ಇಲ್ಲ."

"ಮನಿಯಾಗ ಹಂಗ ಮಾತಾಗೈತ್ರಿ."

ಆಕಿ ಇನ್ನೂ ಎರಡ ಸಲ ಹೇಳಿದ್ಲು, ಇದು ಚಲೋ ಅಲ್ರಿ ಅಂತ. ನಾ ಕೇಳಲಿಲ್ಲ. ಉಳದ ರೊಕ್ಕದಾಗ ಮಡಗಾಂವ ಮಾರ್ಕೆಟಿನ್ಯಾಗ ಒಂದ ಜೋಡಿ ಚಪ್ಪಲ್ ತಗೊಂಡೆ. ರಶೀದಿ ಕೇಳಿದ್ರ ಏನ ಹೇಳೂದು ಅಂತ ವಿಚಾರ ಮಾಡಕೋತ ಬಸ್ಸಿನ್ಯಾಗ ಬಂದೆ. ಅವರು ಕೇಳಲಿಲ್ಲ. ಹೆಸರು, ಪಾಸ್‌ಪೋರ್ಟ್ ನಂಬರ್, ತಾರೀಖ ಎಲ್ಲಾ ಬಟ್ಟ ಇಟ್ಟ ಎರಡ ಸಲ ನೋಡಿದ್ರು, ಬರೋಬ್ಬರಿ ಐತಿ ಅಂದ್ರು, ಬ್ಯಾಗಿನ್ಯಾಗ ಇಟ್ರು. ಯಾವ ಪಾಲಿಸಿ ಅನ್ನೂದು ಮೂರನೇ ಹಾಳಿ ಮ್ಯಾಲ ಸಣ್ಣ ಅಕ್ಷರದಾಗ ಇತ್ತು.

ಅವರು ಸಾಯಲಿ ಅಂತ ನಾ ಹಂಗ ಮಾಡಲಿಲ್ಲ. ಹಿಂಗ ಬರದ್ರ ಅದೂ ಪೂರಾ ಖರೇ ಆಗೂದಿಲ್ಲ. ಅವರಿಗೆ ಗೊತ್ತಿಲ್ಲದ್ದು ಒಂದ ನನ್ನ ಕಡೆ ಇರಲಿ ಅನಿಸ್ತು. ಹದಿಮೂರ ವರ್ಷ ಅವರ ಕಡೆ ಇತ್ತಲ್ಲ. ಕ್ಷೇಮಾಗಿ ಹೋಗಿ ಬರತೇವಿ, ಬಂದ ಮ್ಯಾಲ ಎರಡೂ ಕಾಗದ ಮುಂದ ಇಟ್ಟ ಕೇಳತೇನಿ ಅಂದಕೊಂಡಿದ್ದೆ.

ಜನವರಿ ಹದಿನೇಳಕ್ಕ ಹೋದ್ವಿ. ವಿಮಾನದಾಗ ನನಗ ಕಿಟಕಿ ಬಾಜೂಕ ಕುಂಡ್ರಿಸಿದ್ರು. ಬೆಲ್ಟ್ ತಾವ ಹಾಕಿದ್ರು. ಬ್ಯಾಂಕಾಕಿನ್ಯಾಗ ನನಗೊಂದ ನೀಲಿ ಛತ್ರಿ ಕೊಡಿಸಿದ್ರು. ಹಿಂಗ ಪ್ರೀತಿ ಮಾಡೂದು ಇವರಿಗೆ ಯಾವಾಗ ಬಂತು ಅಂತ ನಾ ನೋಡಕೋತ ಕುಂತಿದ್ದೆ. ಪಟ್ಟಾಯಾದಾಗ ಎರಡನೇ ದಿನಾ ಮೋಟಾರ ದೋಣಿಯಾಗ ನಡುಗಡ್ಡಿಗೆ ಕರಕೊಂಡ ಹೋದ್ರು. ಮಧ್ಯಾಹ್ನ ಊಟಕ್ಕ ಕುಂತಾಗ ಇವರ ಕೈಯಾಗಿನ ಗ್ಲಾಸ ಜಾರಿತು. ಬಗ್ಗಿ ಎತ್ತಾಕ ಹೋದವರು ಹಂಗ ಬಾಜೂಕ ವಾಲಿದ್ರು. ಬಾಯಿ ಒಂದ ಕಡಿಗೆ ಹೋಗಿತ್ತು.

ದೊಡ್ಡ ದವಾಖಾನಿಗೆ ಒಯ್ದಿವಿ. ನಮ್ಮ ಜೋಡಿ ಬಂದಿದ್ದ ಕೇಶಪ್ಪ ವಿಮಾದವರಿಗೆ ಫೋನ್ ಹಚ್ಚಿ ನನ್ನ ಕೈಯಾಗ ಕೊಟ್ಟ. ಆ ಕಡಿಂದ ಒಬ್ಬಾಕಿ ಹಿಂದಿಯಾಗ ಭಾಳ ಮೆತ್ತಗ ಮಾತಾಡಿದ್ಲು. ಬಿ.ಪಿ. ಮೊದಲಿಂದ ಐತಿ ಅಂತ ನೀವ ಬರದ ಕೊಟ್ಟೀರಿ, ಈ ಪಾಲಿಸಿಯಾಗ ಅದು ಬರೂದಿಲ್ಲ, ದಯವಿಟ್ಟು ಕ್ಷಮಿಸ್ರಿ ಅಂದ್ಲು. ಖರೇ ಬರದದ್ದ ಅವರಿಗೆ ಮುಳುವಾತು. ನಾ ಥ್ಯಾಂಕ್ಸ್ ಅಂದು ಇಟ್ಟೆ.

ಹನ್ನೊಂದ ದಿನಾ ಇದ್ವಿ. ಬಾಳೂನ ಹೆಸರಿಗೆ ಇಟ್ಟಿದ್ದ ಜಾಗಾ ಮಾರಿ ಅಂವಾ ರೊಕ್ಕಾ ಕಳಸಿದ. ಯಾರ ಸಲುವಾಗಿ ಇವರು ನನ್ನ ಹೊಟ್ಟಿ ಬರಿದು ಇಟ್ರೋ, ಆ ಮಗನ ಜಾಗಾ.

ಆರನೇ ದಿನಾ ಮುಂಜಾನಿ ಇವರಿಗೆ ಮಾತ ಸ್ವಲ್ಪ ಬಂತು. ಮೊದಲ ಕೇಳಿದ್ದು, "ವಿಮಾ ಕೊಟ್ರೇನ?"

"ಇಲ್ಲ. ನಾ ನಿಮಗ ಸಣ್ಣದ ಮಾಡಿಸೇನಿ. ಬೇಕಂತ ಮಾಡೇನಿ. ಫಾರ್ಮಿನ್ಯಾಗ ಬೆಳಗಾವಿ ಆಪರೇಷನ್ ಬರದಿದ್ದಿರಲ್ಲ, ಪರ್ವೀನ ಓದಿ ಹೇಳಿದ್ಲು."

ನರ್ಸ್ ಬಂದು ಸಲಾಯಿನ್ ಬದಲಿಸಿ ಹೋದ್ಲು. ಆಮ್ಯಾಲ ಒಂದೊಂದ ಮಾತ ಎಳಕೊಂಡ ಹೇಳಿದ್ರು. ಹೊಸಾಕಿಗೆ ಮಕ್ಕಳಾದ್ರ ಬಾಳೂನ್ನ ಬೀದಿಗೆ ಹಾಕತಾಳ, ಆಪರೇಷನ್ ಮಾಡಸ್ಕೊಂಡ್ರಷ್ಟ ನಿನಗ ಲಗ್ನ ಅಂತ ಅವ್ವಾ ಹಟಾ ಹಿಡದ್ಲು ಅಂತ. ಬಾಳೂಗ ಹೇಳಬ್ಯಾಡ ಅಂದ್ರು. ಹೇಳೂದಿಲ್ಲ ಅಂದೆ.

ಹೇಳಿಲ್ಲ. ಆದ್ರ ಅದ್ರಿಂದ ಇನ್ನೊಂದ ಆತು. ಊರಿಗೆ ಬಂದ ಮ್ಯಾಲ ಬಾಳು ಪಾಲಿಸಿ ಓದಿ, "ಅವ್ವಾ, ನಿನಗ ದೊಡ್ಡದು, ಅಪ್ಪಗ ಸಣ್ಣದು ಹ್ಯಾಂಗಾತು?" ಅಂದ. "ಆ ಟ್ರಾವೆಲ್ಸಿನಾಕಿ ಅದಲ ಬದಲ ಮಾಡಿರಬೇಕಪ್ಪ," ಅಂತ ನನ್ನ ಬಾಯಾಗ ಬಂದಬಿಡ್ತು. ಅಂವಾ ಮಡಗಾಂವಕ್ಕ ಹೋಗಿ ಮಂದಿ ಮುಂದ ಪರ್ವೀನಗ ಬಾಯಿಗೆ ಬಂದಂಗ ಬೈದ. ಮಾಲಕ ಆಕೀನ್ನ ಕೆಲಸದಿಂದ ತಗದಾನ. ಆಕಿ ನನಗ ಫೋನ್ ಮಾಡಿದ್ಲು. ಅಳಲಿಲ್ಲ, ಬೈಲಿಲ್ಲ. "ಅಕ್ಕಾರ, ನಾ ಮೂರ ಸಲ ಹೇಳಿದ್ದೆ ನಿಮಗ," ಅಂದ್ಲು ಅಷ್ಟ. ನಾ ಫೋನ್ ಇಟ್ಟಬಿಟ್ಟೆ. ಹೋಗಿ ಮಾಲಕಗ ಖರೇ ಹೇಳಬೇಕು ಅಂತ ದಿನಾ ಸೀರಿ ಉಡತೇನಿ, ದಿನಾ ಇವರ ಮಗ್ಗಲಾ ಬದಲಸೂದ್ರಾಗ ಹೊತ್ತ ಹೋಗತೈತಿ. ಇವರು ನನಗ ಮಾಡಿದ್ದನ್ನ ನಾ ಆ ಪರಕೀ ಹೆಣ್ಣಮಗಳಿಗೆ ಮಾಡೇನಿ. ಬಾಯಿ ಮುಚಗೊಂಡ ಕುಂಡ್ರೂದು ಎಷ್ಟ ಹಗರ ಐತಿ ಅನ್ನೂದು ಈಗ ಗೊತ್ತಾತು.

ಇವರನ್ನ ಬಿಟ್ಟ ಹೋಗಬೇಕು ಅನಿಸೇತಿ. ಹೋಗೂದಿಲ್ಲ. ಅಂಬಲಿ ಕುಡಸೂ ಮುಂದ ನನ್ನ ಮಾರೀ ನೋಡತಾರ, ನಾ ಗೋಡಿ ನೋಡತೇನಿ. ಗಲ್ಲದ ಮ್ಯಾಲ ಇಳದದ್ದನ್ನ ಒರಸತೇನಿ. ಮಾತಾಡೂದಿಲ್ಲ. ಅವರಿಗೆ ಅದ ಭಾಳ ತ್ರಾಸ ಆಗೂದು, ನನಗ ಗೊತ್ತೈತಿ.

ಇನ್ನ ಸಾಕ ಮಾಡತೇನಿ, ಬಟ್ಟ ನೋಯಾಕತ್ತಾವು. ಶಿವವ್ವ ದೊಡ್ಡವ್ವಗ ನನ್ನ ನಮಸ್ಕಾರ ತಿಳಸು. ನಿನ್ನ ಮಗಳು ಸುಮಲತಾನ ಕೂಸಿಗೆ ಹಲ್ಲ ಬಂದಾವೇನ? ಅದಕ್ಕ ನೂರ ವರ್ಷ ಆಯುಷ್ಯ ಇರಲಿ, ಯಾರೂ ಅದರ ಬೆನ್ನ ಹಿಂದ ಮಾತಾಡದಂಗ ಇರಲಿ. ನಿಮ್ಮ ಮನಿ ತಣ್ಣಗಿರಲಿ.

ನಿನ್ನ ತಂಗಿ,
ಅಶ್ವಿನಿ

ತಾ.ಕ.: ದವಾಖಾನಿಯಾಗ ನಾ ಇನ್ನೊಂದ ಮಾತ ಕೇಳಿದ್ದೆ, ಯಾರ್ ಯಾರಿಗೆ ಗೊತ್ತಿತ್ತು ಅಂತ. ತಮ್ಮ ಅವ್ವಗ ಅಂದ್ರು. ಬೆಳಗಾವಿಗೆ ಕರಕೊಂಡ ಹೋದವ ಸಂಗಣ್ಣ ಅಂದ್ರು. ಆಮ್ಯಾಲ ನಿನ್ನ ಹೆಸರ ಹೇಳಿದ್ರು. ಲಗ್ನಕ್ಕ ಮೊದಲ ನನಗ ಹೇಳಿಬಿಡಬೇಕು ಅಂತ ಇವರು ಬಂದಿದ್ರಂತ. ನೀ ಬಾಗಲದಾಗ ನಿಂದ್ರಿಸಿ, "ಹೇಳಿದ್ರ ಆಕಿ ಒಪ್ಪೂದಿಲ್ಲ, ಒಳಗ ಹೋಗಬ್ಯಾಡ್ರಿ," ಅಂದ್ಯಂತ. ನನ್ನ ಲಗ್ನ ಆದ ಮುಂದಿನ ತಿಂಗಳ ಸಂಗಣ್ಣ ಮಾವ ಇವರದ ಕುಂಡಯಿ ಫ್ಯಾಕ್ಟರಿಯಾಗ ಪರ್ಮನೆಂಟ್ ಆದ. ಅದನ್ನ ನಾ ಕ್ಷಮಾ ಮಾಡಬಹುದು, ಆವಾಗ ನಿಮ್ಮ ಮನಿಯಾಗ ಒಲಿ ಹೊತ್ತತಿದ್ದಿಲ್ಲ. ಆದ್ರ ಹ್ವಾದ ವರ್ಷ ಸುಮಲತಾನ ಕುಬಸದಾಗ ನಾ ಆಕಿ ಉಡಿ ತುಂಬಾಕ ಎದ್ದಾಗ, ನೀ ನನ್ನ ಕೈಯಾನ ತಾಟ ಕಸಗೊಂಡು, "ನೀ ಕುಂಡ್ರ ಅಶ್ವಿನಿ, ಇದು ಹಡದವರು ಮಾಡೂದು," ಅಂದಿ. ಎಲ್ಲಾರೂ ನನ್ನ ನೋಡಿದ್ರು. ನೀ ಅಷ್ಟ ನೋಡಲಿಲ್ಲ.