ದಿಮ್ಮಿ ಮನೆಯ ಅಳತೆ

ಅಣ್ಣನ ಮನೆಯ ಹಿತ್ತಿಲು,
ಹಗ್ಗದ ಒಳಗಿಂದ,
ಅಕ್ಟೋಬರ್ ೧೫, ಸೋಮವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ತಾಯಿ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನವಿಡೀ ಕನ್ನಡಕದ ಗಾಜು ಉಜ್ಜುವ ಯಂತ್ರದ ಮುಂದೆ ಬಗ್ಗಿ ಕೂತರೆ ಪಾಪ ಕುತ್ತಿಗೆಯಾದರೂ ಏನು ಮಾಡೀತು. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡು. ಅಂಗಡಿಯ ಯಜಮಾನರು ಏನಾದರೂ ಅಂದರೆ ನಮ್ಮತ್ತೆ ಹೇಳಿದ್ದಾರೆ ಅನ್ನು. ಅತ್ತೆ ಅಂದರೆ ಯಾರಾದರೂ ಸ್ವಲ್ಪ ಹೆದರುತ್ತಾರೆ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ನೀನು ಕಳಿಸಿದ ಉಣ್ಣೆಯ ಕಾಲುಚೀಲ ಬಂದು ತಲುಪಿತು. ಬೆಚ್ಚಗಿದೆ, ಅಳತೆಯೂ ಸರಿಯಾಗಿದೆ. ಆದರೆ ನಾನು ಕೇಳಿದ್ದು ಕಾಲುಚೀಲವನ್ನಲ್ಲ.

ಕೇಳಿದ್ದು ಒಂದೇ ಮಾತು. ಒಂದು ಕೋಣೆಯೋ, ಎರಡು ಕೋಣೆಯೋ? ಪ್ರತಿ ಪತ್ರದಲ್ಲೂ ಕೇಳಿದೆ, ಪ್ರತಿ ಸಲವೂ ನೀನು "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ ಅತ್ತೆ" ಎಂದು ಬರೆದೆ. ಇದು ಉತ್ತರವೇನೇ? ಊಟಕ್ಕೆ ಏನು ಮಾಡಲಿ ಎಂದರೆ ಏನಾದರೂ ಮಾಡು ಅನ್ನುವವರ ಮಾತಿನ ಹಾಗಿದೆ. ನಿನ್ನ ಗಂಡನೂ ಹಾಗೇ ಅನ್ನುತ್ತಿದ್ದ, ಆಮೇಲೆ ತಟ್ಟೆ ನೋಡಿ ಮುಖ ಸಪ್ಪಗೆ ಮಾಡುತ್ತಿದ್ದ. ಮನಸ್ಸಿಗೆ ಬಂದದ್ದನ್ನೆಲ್ಲ ನಾನು ದಿನಚರಿಯಲ್ಲಿ ಗೀಚುತ್ತೇನೆ ಎಂದು ನಿನಗೆ ಗೊತ್ತಲ್ಲ. ಅದು ತಿರುಗಿ ಮಾತಾಡುವುದಿಲ್ಲ. ಪುಸ್ತಕ, ಅದಕ್ಕೆ ಬಾಯಿಲ್ಲ ಎಂದು ಸುಮ್ಮನಾಗುತ್ತೇನೆ. ನಿನಗೇನಾಗಿದೆ?

ಸಾಮಿಲ್‌ನವರು ಕೊಟ್ಟ ಮನೆಯನ್ನು ಈ ತಿಂಗಳ ಕೊನೆಗೆ ಬಿಡಬೇಕು. ಅವರ ಮೇಲೆ ನನಗೆ ಬೇಸರವಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದವನು ತೀರಿಹೋಗಿ ವರ್ಷ ದಾಟಿತು, ಅವನ ತಾಯಿಗೆ ಇಷ್ಟು ದಿನ ಇರಲು ಬಿಟ್ಟದ್ದೇ ಹೆಚ್ಚು. ಹೊಸದಾಗಿ ಸೇರಿದವನ ಹೆಂಡತಿ ಮೊನ್ನೆ ಬಂದು ಅಡುಗೆಮನೆ ನೋಡಿಕೊಂಡು ಹೋದಳು. ಒಳ್ಳೆಯ ಹುಡುಗಿ, ಯಾವುದನ್ನೂ ಮುಟ್ಟಲಿಲ್ಲ, ಕಿಟಕಿಯನ್ನು ಮಾತ್ರ ಕಣ್ಣಲ್ಲೇ ಅಳೆದಳು. ಪರದೆಗೆ ಇರಬೇಕು. ಹಾಗಾಗಿ ಅಣ್ಣನ ಹಿತ್ತಿಲಿನಲ್ಲಿ, ನಮ್ಮ ಹುಡುಗ ಒಂದೊಂದಾಗಿ ತಂದು, ಗಾಳಿಯಾಡಲಿ ಎಂದು ನಡುವೆ ಚಕ್ಕೆ ಕೊಟ್ಟು ಒಣಗಲು ಪೇರಿಸಿಟ್ಟ ದಿಮ್ಮಿಗಳಲ್ಲೇ ನನಗೆ ಮನೆ ಆಗಬೇಕು. ಅವನು ರಜಾ ದಿನಗಳಿಗೆ ಎಂದು ಯೋಚಿಸಿದ್ದ. ನಾನು ಅಲ್ಲೇ ಬದುಕಬೇಕು, ಬೆಳಿಗ್ಗೆಯಿಂದ ಬೆಳಿಗ್ಗೆಯವರೆಗೆ, ಎಲ್ಲ ಕಾಲದಲ್ಲೂ. ಇದು ಬೇರೆಯೇ ಲೆಕ್ಕ, ಗುಬ್ಬೀ. ಬಂದು ಹೋಗುವವರಿಗೆ ಮೂಲೆಯೂ ಅರಮನೆ. ಅಲ್ಲೇ ಇರುವವಳಿಗೆ ಕಸಪೊರಕೆಗೂ ಒಂದು ಜಾಗ ಬೇಕು, ಒದ್ದೆ ಕೊಡೆಗೂ ಬೇಕು, ಕೋಪ ಬಂದಾಗ ತಿರುಗಿ ಕೂರುವುದಕ್ಕೂ ಒಂದು ಗೋಡೆ ಬೇಕು.

ಕೆಲಸಕ್ಕೆ ಸಿಕ್ಕಿರುವವನು ಮೊಳೆ ಮೇಸ್ತ್ರಿ. ಬಡಗಿಗಳಲ್ಲಿ ಒಳ್ಳೆಯವನೇ, ಆದರೆ ಸದಾ ತುಟಿಗಳ ನಡುವೆ ನಾಲ್ಕು ಮೊಳೆ ಕಚ್ಚಿಕೊಂಡಿರುತ್ತಾನೆ, ಅದಕ್ಕೇ ಆ ಹೆಸರು. ದಿಮ್ಮಿ ಮನೆಗೆ ಮೊಳೆ ಅಷ್ಟಾಗಿ ಬೇಡವಂತೆ, ಮೂಲೆಯಲ್ಲಿ ಕಚ್ಚು ಕೊರೆದು ಒಂದರ ಮೇಲೊಂದು ಕೂರಿಸುತ್ತಾರಂತೆ. ಆದರೂ ಬಾಯಲ್ಲಿ ಮೊಳೆ. ಅವನು ಹೇಳುವುದಿಷ್ಟು. ಉದ್ದದ ದಿಮ್ಮಿಗಳು ಇಪ್ಪತ್ತು ಅಡಿಯವು. ಹಾಗೇ ಬಳಸಿದರೆ ಎರಡು ಕೋಣೆಯ ಮನೆ. ಒಂದು ಕೋಣೆ ಸಾಕು ಎಂದರೆ ಎಲ್ಲವನ್ನೂ ಹನ್ನೆರಡಕ್ಕೆ ಕೊಯ್ಯಬೇಕು. ನಾನು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದವಳು. ಅಂಚಿನಲ್ಲಿ ಮೂರು ಬೆರಳು ಬಟ್ಟೆ ಒಳಗೆ ಮಡಿಚಿ ಹೊಲಿದರೆ ಮಗು ಬೆಳೆದಾಗ ಬಿಚ್ಚಬಹುದು. ಹಾಗೆ ಈಗ ಚಿಕ್ಕದಾಗಿ ಕಟ್ಟಿ ಮುಂದೆ ಬೇಕಾದರೆ ಬಿಚ್ಚುವಂತೆ ಏನಾದರೂ ಬಿಟ್ಟಿರಪ್ಪ ಎಂದು ಕೇಳಿದೆ. ಅವನು ಮೊಳೆಗಳನ್ನು ಕೈಗೆ ತೆಗೆದುಕೊಂಡ. ಅವನು ಮೊಳೆ ತೆಗೆದನೆಂದರೆ ಸಿಟ್ಟು ಬಂದಿದೆ ಎಂದರ್ಥ. "ಅಮ್ಮಾ, ಇದು ಲಂಗ ಅಲ್ಲ. ಕೊಯ್ದರೆ ಕೊಯ್ದ ಹಾಗೇ. ಆಮೇಲೆ ಮನಸ್ಸು ಬದಲಾಯ್ತು ಅಂದ್ರೆ ನಾನೇನು ಗೋಂದು ಹಚ್ಚಲಾ?" ಎಂದ. ಬೇಗ ಹೇಳಿ, ಇಲ್ಲದಿದ್ದರೆ ಬೇರೆ ಕೆಲಸ ಒಪ್ಪಿಕೊಳ್ಳುತ್ತೇನೆ ಎಂದೂ ಹೇಳಿ ಮತ್ತೆ ಮೊಳೆ ಬಾಯಿಗೆ ಹಾಕಿಕೊಂಡ.

ಅಣ್ಣನದು ಒಂದೇ ಪಲ್ಲವಿ, ಒಂದು ಕೋಣೆ ಸಾಕು. ಒಂದು ಜೀವಕ್ಕೆ ಎಷ್ಟು ಜಾಗ ಬೇಕು ಎಂದು ಕೇಳುತ್ತಾನೆ. ಅವನಿರುವ ಮನೆಯಲ್ಲಿ ಎಷ್ಟು ಕೋಣೆಗಳಿವೆ ಎಂದು ಅವನಿಗೇ ನೆನಪಿಲ್ಲ. ಆದರೂ ಅವನ ಮಾತು ಪೂರ್ತಿ ಸುಳ್ಳಲ್ಲ. ಎರಡು ಕೋಣೆ ಮಾಡಿದರೆ ಒಲೆ ಒಂದೇ, ಅದರ ಕಾವು ಆಚೆ ಕೋಣೆಗೆ ಹೋಗುವುದಿಲ್ಲ. ಬಾಗಿಲು ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಯಾರೂ ಇಲ್ಲದ ಕೋಣೆಗೆ ನಾನು ಚಳಿಗಾಲವಿಡೀ ಬೆಂಕಿ ಹಾಕಬೇಕು. ಹಾಕಲಾರೆ ಎಂದಲ್ಲ. ನೀನು ಬರುತ್ತೀಯ ಎಂದಾದರೆ ಹಾಕುತ್ತೇನೆ.

ಇನ್ನೊಂದು ವಿಷಯವಿದೆ, ಬರೆಯಬಾರದು ಎಂದುಕೊಂಡಿದ್ದೆ. ಅಣ್ಣ ಹೋದ ವಾರ ಕನ್ನಡಕ ಬದಲಿಸಲು ನಿಮ್ಮ ಊರಿಗೆ ಬಂದಿದ್ದನಂತೆ. ಬಸ್ ನಿಲ್ದಾಣದಲ್ಲಿ ನಿನ್ನನ್ನು ಕಂಡನಂತೆ, ಜೊತೆಯಲ್ಲಿ ಒಬ್ಬರು ನಿನ್ನ ಚೀಲ ಹಿಡಿದುಕೊಂಡಿದ್ದರಂತೆ. ನೀನು ನಗುತ್ತಿದ್ದೆಯಂತೆ. ಇದನ್ನು ಹೇಳುವಾಗ ಅವನು ದನಿ ತಗ್ಗಿಸಿದ, ಮನೆಯಲ್ಲಿ ನಾವಿಬ್ಬರೇ ಇದ್ದರೂ. ಚೀಲ ಭಾರ ಇದ್ದಿರಬೇಕು ಎಂದೆ. ಕಣ್ಣು ಕಾಣಿಸುವುದಿಲ್ಲ ಎಂದು ಕನ್ನಡಕಕ್ಕೆ ಹೋದವನಿಗೆ ಇದು ಮಾತ್ರ ಹೇಗೆ ಕಾಣಿಸಿತು ಎಂದೂ ಕೇಳಿದೆ. ಅವನ ಮುಖ ಕೆಂಪಾಯಿತು. "ನಾನು ಅವಳ ಮೇಲೆ ತಪ್ಪು ಹೊರಿಸ್ತಿಲ್ಲ ಮಾರಾಯ್ತಿ, ನೀನು ಸುಮ್ನೆ ಕೋಣೆ ಕಟ್ಟಿಸ್ಕೊಂಡು ಕಾಯ್ಬೇಡ ಅಂತಿದೀನಿ" ಎಂದ. ನಾನು ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಕೊನೆಗೆ ಯಾರ ಮಾತೂ ಬೇಡ, ನಾನೇ ಇದ್ದು ನೋಡುತ್ತೇನೆ ಎಂದು ಹಿತ್ತಿಲಿನಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿದೆ. ಮೊದಲು ಎರಡು ಕೋಣೆಯ ಅಳತೆಗೆ. ಬಾಗಿಲ ಜಾಗ ಬಿಟ್ಟು, ಒಲೆಗೆ ಒಂದು ಬಕೆಟ್, ಹೊಲಿಗೆ ಯಂತ್ರಕ್ಕೆ ಒಂದು ಸ್ಟೂಲು, ಮಂಚಗಳಿಗೆ ನಾಲ್ಕು ನಾಲ್ಕು ಕಲ್ಲು. ಕುರ್ಚಿ ತಂದು ಕೂತೆ. ಅಣ್ಣ ಕಾಫಿ ಲೋಟ ಹಿಡಿದು ನೇರವಾಗಿ ಹಗ್ಗ ದಾಟಿ ಬಂದ. ಗೋಡೆ ಒಳಗಿಂದ ಯಾಕೆ ಬರುತ್ತೀಯ, ಬಾಗಿಲಿಂದ ಬಾ ಎಂದು ಗದರಿದೆ. ಪಾಪ, ಅರವತ್ತೈದು ದಾಟಿದ ಮನುಷ್ಯ, ಹಿಂದಕ್ಕೆ ಹೋಗಿ ಸುತ್ತಿ ಬಾಗಿಲಿಂದಲೇ ಬಂದ. ಬೇಲಿಯ ಆಚೆ ಯಾರೋ ನಿಂತು ನೋಡಿ ಹೋದರು. ಅಣ್ಣ ತಂಗಿ ಇಬ್ಬರಿಗೂ ಒಟ್ಟಿಗೇ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅಷ್ಟರಲ್ಲಿ ಮೇಸ್ತ್ರಿಯೂ ಬಂದ. ಅವನು ಹಗ್ಗದ ಸುತ್ತ ನಡೆದು, ಒಳ್ಳೆ ಕೆಲಸ ಎಂದು ತಲೆದೂಗಿ, ಆಚೆ ಕೋಣೆಯ ಹತ್ತಿರ ನಿಂತುಬಿಟ್ಟ. ಟೇಪು ಹಿಡಿದು ಕಲ್ಲುಗಳ ನಡುವೆ ಅಳೆದ. "ಇಲ್ಲಿ ಜೋಡಿ ಮಂಚಾನಾ ಅಮ್ಮಾ?" ಎಂದ.

ನಾನು ನೋಡಿದೆ. ಹೌದು, ಜೋಡಿ ಮಂಚಕ್ಕೇ ಕಲ್ಲಿಟ್ಟಿದ್ದೆ. ನನ್ನ ಮಂಚಕ್ಕೆ ಇಟ್ಟ ಹಾಗೆಯೇ ಅಲ್ಲೂ ಇಡುತ್ತಿದ್ದೇನೆ ಎಂದುಕೊಂಡು ಇಟ್ಟಿದ್ದು. ಕೈಗೆ ಹಳೆಯ ಲೆಕ್ಕವೇ ಗೊತ್ತು, ಯಾರೂ ಹೊಸದನ್ನು ಹೇಳಿಕೊಟ್ಟಿಲ್ಲ. ಇಷ್ಟು ದಿನ ಗುಬ್ಬಿಗೆ ಒಂದು ಕೋಣೆ, ಗುಬ್ಬಿಗೆ ಒಂದು ಕೋಣೆ ಎಂದು ಎಲ್ಲರ ಹತ್ತಿರ ಜಗಳ ಮಾಡಿದೆನಲ್ಲ, ಆ ಕೋಣೆ ನಿನಗಾಗಿರಲಿಲ್ಲ ಕಣೇ. ನಮ್ಮ ಹುಡುಗನಿಗಾಗಿತ್ತು. ನೀನು ಬಂದು ಆ ಕೋಣೆಯಲ್ಲಿ ಮಲಗಿದರೆ ಇನ್ನೊಂದು ಮಗ್ಗುಲಲ್ಲಿ ಅವನೂ ಇದ್ದಾನೆ ಎಂದು ನಾನು ಈಚೆ ಕೋಣೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುವ ಯೋಚನೆ. ಮೇಸ್ತ್ರಿಗೆ ನನ್ನ ಮುಖದಲ್ಲಿ ಏನು ಕಂಡಿತೋ, ಟೇಪು ಸುತ್ತಿಕೊಂಡು, ನಾಳೆ ಬರುತ್ತೇನೆ ಎಂದು ಹೋದ. ಅದು ನಿನ್ನೆಯ ಮಾತು.

ಈಗ ಒಂದು ಕೋಣೆಯ ಅಳತೆಗೆ ಹಗ್ಗ ಕಟ್ಟಿ ಅದರೊಳಗೆ ಕೂತು ಬರೆಯುತ್ತಿದ್ದೇನೆ. ಕೈ ಚಾಚಿದರೆ ಬಕೆಟ್ ಒಲೆ, ತಿರುಗಿದರೆ ಸ್ಟೂಲು ಯಂತ್ರ. ಕಬ್ಬಿಣದ ಬೀರು ಹಿಡಿಸುವುದಿಲ್ಲ, ಅದನ್ನು ಅಣ್ಣನ ತಲೆಗೆ ಕಟ್ಟಬೇಕು. ಗುಡಿಸಲು ಐದು ನಿಮಿಷ ಸಾಕು, ಆಮೇಲೆ ಉಳಿದ ದಿನವೆಲ್ಲ ಏನು ಮಾಡುವುದೋ ಗೊತ್ತಿಲ್ಲ. ಸಾಲುತ್ತದೆ. ಅದೇ ನನಗೆ ಸಿಟ್ಟು, ಸಾಲುತ್ತದೆ ಎನ್ನುವುದೇ. ಇಷ್ಟು ಚಿಕ್ಕದು ನನಗೆ ಸಾಲುತ್ತದೆ ಎಂದು ಒಪ್ಪಿಕೊಳ್ಳುವುದಕ್ಕೆ ಮನಸ್ಸು ಬರುವುದಿಲ್ಲ. ನಮ್ಮ ಹುಡುಗನ ಮೇಲೂ ಸಿಟ್ಟು. ದಿಮ್ಮಿಗಳನ್ನೆಲ್ಲ ಅಚ್ಚುಕಟ್ಟಾಗಿ ಪೇರಿಸಿ, ಮಳೆ ಬೀಳದಂತೆ ತಗಡು ಮುಚ್ಚಿ, ಎಲ್ಲ ಸರಿಮಾಡಿ, ತಾನು ಮಾತ್ರ ವಾರದ ಜ್ವರಕ್ಕೆ ಎದ್ದು ಹೋದ. ನಿನ್ನ ಮೇಲೂ ಸಿಟ್ಟಿದೆ, ಮುಚ್ಚಿಟ್ಟು ಏನು ಪ್ರಯೋಜನ. ನಾನು ಎರಡು ಕೋಣೆ ಕಟ್ಟಿದರೆ ನಿನ್ನ ಕೊರಳಿಗೆ ಹಗ್ಗ ಹಾಕಿದ ಹಾಗೆ. ಒಂದೇ ಕಟ್ಟಿದರೆ ನಿನ್ನ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಎರಡರಲ್ಲಿ ಯಾವುದನ್ನು ಮಾಡಿದರೂ ಮಾಡಿದವಳು ನಾನೇ ಆಗುತ್ತೇನೆ. ನೀನು ಬಾಯಿ ಬಿಟ್ಟು ಬರುತ್ತೇನೆ ಅನ್ನು, ಇಲ್ಲವೇ ಬರುವುದಿಲ್ಲ ಅನ್ನು. ನನಗೆ ನೋವಾಗುತ್ತದೆ ಎಂದು ತಾನೇ ಸುಮ್ಮನಿದ್ದೀಯ? ನೋವಾಗುವುದು ಹೇಗೂ ಆಗುತ್ತಿದೆ, ನಿನ್ನ ಸಂಕೋಚಕ್ಕೆ ಅದೇನೂ ಕಾಯುತ್ತಿಲ್ಲ.

ಇಷ್ಟು ಗದರಿದ್ದಕ್ಕೆ ಅಳುತ್ತಾ ಕೂರಬೇಡ. ಗದರಲು ನನಗಿರುವವಳು ನೀನೊಬ್ಬಳೇ, ಅಣ್ಣನಿಗೆ ಗದರಿದರೆ ಅವನು ಹೋಗಿ ಪೇಪರ್ ಓದುತ್ತಾನೆ. ನಿನ್ನ ತಾಯಿಗೆ ನಾನು ಕೇಳಿದೆನೆಂದು ಹೇಳು. ರಾತ್ರಿ ನಿನಗೆ ಒಳ್ಳೆಯ ನಿದ್ದೆ ಬರಲಿ, ಹಗಲು ಕುತ್ತಿಗೆ ನೋಯದಿರಲಿ. ಇವೆರಡು ಇದ್ದರೆ ಮಿಕ್ಕದ್ದನ್ನು ನೀನು ನೋಡಿಕೊಳ್ಳಬಲ್ಲೆ.

ನಿನ್ನ
ಅತ್ತೆ

ತಾ.ಕ. ಲಕೋಟೆ ಅಂಟಿಸುವ ಮೊದಲೇ ಮೇಸ್ತ್ರಿ ಬಂದುಬಿಟ್ಟ, ಅವಸರದಲ್ಲಿ ಬರೆಯುತ್ತಿದ್ದೇನೆ. ಸೊಸೆಯಿಂದ ಉತ್ತರ ಬಂತೇ ಎಂದು ಕೇಳಿದ. ಬಂತು ಎಂದು ಸುಳ್ಳು ಹೇಳಿದೆ. ಒಂದೇ ಕೋಣೆ, ಕೊಯ್ಯಿ ಎಂದೆ. ಅವನು ಇನ್ನೊಮ್ಮೆ ಕೇಳಿದ, ನಾನೂ ಇನ್ನೊಮ್ಮೆ ಹೇಳಿದೆ. ಗರಗಸದ ಸದ್ದು ಕೇಳುತ್ತಿದೆ. ನಿನ್ನ ಹೆಸರಿನಲ್ಲಿ ಕೋಣೆ ಇಟ್ಟರೆ ನೀನು ಎಲ್ಲೇ ಇದ್ದರೂ ಅದು ಖಾಲಿ ಇದೆಯಲ್ಲ ಎಂದು ಕೊರಗುತ್ತೀಯ. ನಿನ್ನನ್ನು ನಾನು ಬಲ್ಲೆ. ಈಗ ಆ ಕೋಣೆಯೇ ಇಲ್ಲ. ಸಿಟ್ಟು ಪೂರ್ತಿ ಇಳಿದಿಲ್ಲ, ಅದು ಬೇರೆ ಮಾತು. ಬರಬೇಕು ಅನಿಸಿದಾಗ ಬಾ. ಒಬ್ಬಳೇ ಬಂದರೆ ನನ್ನ ಮಗ್ಗುಲಲ್ಲಿ ಮಲಗು. ಚೀಲ ಹಿಡಿದವರೂ ಜೊತೆಗೆ ಬಂದರೆ ಮನೆ ನಿಮ್ಮಿಬ್ಬರಿಗೆ ಬಿಟ್ಟು ನಾನು ಅಣ್ಣನಲ್ಲಿ ಮಲಗುತ್ತೇನೆ. ಎರಡು ದಿನ ಮೊದಲು ತಿಳಿಸಿದರೆ ಸಾಕು, ಹಾಸಿಗೆ ಬಿಸಿಲಿಗೆ ಹಾಕಬೇಕು.