‘ಧಾರವಾಡದ ಫೇಡೆ’ ಅವರು ಒಳಗೆ ಬನ್ನಿ

ಮಾಳಮಡ್ಡಿ, ಧಾರವಾಡ
೧೨ ಜುಲೈ ೨೦೨೫

ಪ್ರೀತಿಯ ಧನೂ,

ಗುವಾಹಾಟಿಯ ಸೆಕೆ ನಿನ್ನ ಮೈಗೆ ಒಗ್ಗಿತೇ? ತಲೆನೋವು ಹೇಗಿದೆ? ಮೆಸ್ಸಿನ ಊಟ ಸೇರಲಿಲ್ಲವೆಂದು ಹಸಿದು ಮಲಗಬೇಡ, ನಾನು ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಎಂಥ ಅನ್ನಕ್ಕಾದರೂ ಆಗುತ್ತದೆ. ನನ್ನ ಮೊಣಕಾಲು ಮಳೆ ಬಂದಾಗ ಮಾತ್ರ ನೋಯುತ್ತದೆ, ಅಂದರೆ ಈಗ ದಿನಾಲೂ. ಫೋನ್ ಇರುವಾಗ ಅಜ್ಜಿ ಕಾಗದ ಯಾಕೆ ಬರೆದಳು ಎಂದು ನಗುತ್ತೀಯೇನೋ. ನಾನು ಫೋನಿನಲ್ಲಿ ಪಿಸುಗುಟ್ಟಿದರೂ ಓಣಿಗೆಲ್ಲ ಕೇಳುತ್ತದೆ. ಲಕ್ವಾ ಹೊಡೆದು ನಿನ್ನ ಅಜ್ಜನ ಮಾತು ಬಿದ್ದಿದ್ದರೂ ಕಿವಿ ಮಾತ್ರ ಬೆಕ್ಕಿನ ಕಿವಿ, ಮತ್ತು ಇದು ಅವರಿಗೆ ಕೇಳಿಸಬಾರದ ಸುದ್ದಿ. ಈಚೆಗೆ ನೀನು ಫೋನ್ ಮಾಡಿದಾಗಲೆಲ್ಲ ಅಜ್ಜ ಮಲಗಿದ್ದಾರೆ ಎನ್ನುತ್ತೇನಲ್ಲ, ಅದು ಸುಳ್ಳು. ಅವರು ಎಚ್ಚರವಿದ್ದೇ ಗೋಡೆಯ ಕಡೆ ಹೊರಳುತ್ತಾರೆ. ಯಾಕೆಂದು ಹೇಳಲು ಈ ಕಾಗದ.

ನೀನು ಕಲಿಯುವುದು ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಮನುಷ್ಯರಿಗೂ ಕಂಪ್ಯೂಟರಿಗೂ ಹೊಂದಿಕೆ ಮಾಡಿಸುವ ವಿದ್ಯೆ ಎಂದೆ ನೀನು. ಅದರಲ್ಲಿ ಇಂಜಿನಿಯರಿಂಗ್ ಇದೆ, ಮನಃಶಾಸ್ತ್ರ ಇದೆ, ಚಿತ್ರಕಲೆ ಇದೆ, ಭಾಷೆಯ ಶಾಸ್ತ್ರ ಇದೆ, ಜನರ ರೀತಿ ರಿವಾಜು ನೋಡುವ ಶಾಸ್ತ್ರವೂ ಇದೆ ಎಂದೆ. ಸಿಕ್ಕ ತರಕಾರಿಯೆಲ್ಲ ಬೀಳುವ ಭೋಗಿಯ ಪಲ್ಯದಂಥದ್ದು ಏನೋ ಎಂದುಕೊಂಡು ನಾನು ತಲೆಯಾಡಿಸಿದೆ. ನಿನ್ನ ಅಜ್ಜನಿಗೆ ಆಗ ಮಾತಿತ್ತು. ಓಣಿಯವರಿಗೆಲ್ಲ ಹೇಳಿಕೊಂಡು ಬಂದರು: “ನಮ್ಮ ಧನೂ ಮಷೀನಿಗೆ ಮರ್ಯಾದಿ ಕಲಿಸಲಿಕ್ಕೆ ಹತ್ಯಾಳ್ರಿ.”

ನಿಮ್ಮ ಗುಂಪು ಮಾಡಿದ ಆ ಹೆಸರು ಕೇಳುವ ಯಂತ್ರವನ್ನು ವಿದ್ಯಾನಗರದ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಇಟ್ಟಿದ್ದಾರಲ್ಲ, ನಿನ್ನ ಅಜ್ಜನಿಗೆ ಮಾತು ಮರಳಿ ಕಲಿಸುವ ಸೌಮ್ಯಾ ಡಾಕ್ಟರು ಇರುವುದೂ ಅಲ್ಲೇ. ಮೊದಲು ಆ ಜಾಗದಲ್ಲಿ ಜರೀನಾ ಎಂಬ ಹುಡುಗಿ ಕೂಡುತ್ತಿದ್ದಳು. “ಕಾಕೂ, ಹೆಸರ ಬರೀರಿ” ಎಂದು ಚೀಟಿ, ಪೆನ್ನು ಮುಂದೆ ಸರಿಸುತ್ತಿದ್ದಳು, ನಾನು ಬರೆದುಕೊಡುತ್ತಿದ್ದೆ. ಬರೆಯುವುದಕ್ಕೆ ದೋಷವಿಲ್ಲ, ದೋಷವೆಲ್ಲ ನಾಲಿಗೆಗೆ. ಈಗ ಅವಳನ್ನು ಔಷಧಿ ಕೊಡುವಲ್ಲಿ ಹಾಕಿದ್ದಾರೆ. ಹೋದ ವಾರ ಚಿಗರಿ ಬಸ್ಸು ಹತ್ತಿ ಹೋದಾಗ ಅಲ್ಲೊಂದು ಟಿ.ವಿ.ಯಂಥ ಪರದೆ ನಿಂತಿತ್ತು. ನಾವು ಎದುರಿಗೆ ಹೋದದ್ದೇ “ನಮಸ್ಕಾರ, ರೋಗಿಯ ಹೆಸರು ಹೇಳಿ” ಎಂದಿತು. ನಿನ್ನ ದನಿ, ಧನೂ. ಗುಂಪಿನಲ್ಲಿ ಕನ್ನಡ ಬರುವವಳು ನೀನೊಬ್ಬಳೇ ಎಂದು ನಿನ್ನ ದನಿಯನ್ನೇ ತುಂಬಿದ್ದು ಎಂದು ಆಮೇಲೆ ನಿನ್ನ ಅಪ್ಪ ಹೇಳಿದ. ಇವರ ಮುಖ ಅರಳಿತು. ಟೋಪಿ ಸರಿಮಾಡಿಕೊಂಡು, ನೆಟ್ಟಗೆ ನಿಂತು ಹೆಸರು ಹೇಳಿದರು. ಬಂದದ್ದು ಬರೀ ಗಾಳಿ. “ನಿಮ್ಮ ಮಾತು ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ” ಎಂದೆ ನೀನು. ಅಂದರೆ ಯಂತ್ರ. ಮತ್ತೆ ಹೇಳಿದರು, ಮತ್ತೆ ಅದೇ ಉತ್ತರ, ಅಷ್ಟೇ ನಯವಾಗಿ. ಇವರ ಕತ್ತಿನ ನರ ಉಬ್ಬಿ ಬಂದವು. ಹಿಂದೆ ಜನ ಸಾಲುಗಟ್ಟಿದ್ದರು. ಇನ್ನು ಹೇಳುವವಳು ನಾನೊಬ್ಬಳೇ ಉಳಿದೆ.

ನಿನಗೆ ಗೊತ್ತಿದೆ, ನಾನು ಇವರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಮ್ಮ ಅತ್ತೆ ಮೊದಲ ದಿನವೇ ಹೇಳಿಟ್ಟಿದ್ದರು. ನಂಬುತ್ತೀಯಾ ಎಂದು ನೀನು ಒಮ್ಮೆ ಕೇಳಿದ್ದೆ. ಆಗ ನಂಬಿಕೆ ಇರಲಿಲ್ಲ, ಬರೀ ರೂಢಿ. ಇವರಿಗೆ ಲಕ್ವಾ ಹೊಡೆದ ಮೇಲೆ ನಂಬತೊಡಗಿದ್ದೇನೆ, ಭಯ ಆಗುತ್ತದೆ. ಅದಕ್ಕೇ ಒಡಪು ಹೇಳಿದೆ. ಮದುವೆಯಲ್ಲಿ, ಅರಿಷಿಣ ಕುಂಕುಮದಲ್ಲಿ ಪದ್ಯದೊಳಗೆ ಗಂಡನ ಹೆಸರು ಹುದುಗಿಸಿ ಹೇಳುತ್ತೇವಲ್ಲ, ಹಾಗೆ ಹೇಳಿದರೆ ದೋಷ ತಟ್ಟುವುದಿಲ್ಲ. “ಧಾರವಾಡದ ಫೇಡೆ, ಬೆಳಗಾವಿ ಕುಂದಾ, ಬಿಂದುಮಾಧವರಾಯರ ಜೋಡಿ ಬಾಳೇ ಚಂದಾ” ಎಂದೆ. “ಧನ್ಯವಾದ, ಕುಳಿತುಕೊಳ್ಳಿ” ಎಂದಿತು ನಿನ್ನ ದನಿ. ಗೆದ್ದೆ ಎಂದುಕೊಂಡು ಕುಳಿತೆ. ಸ್ವಲ್ಪ ಹೊತ್ತಿಗೆ ಮೇಲಿನ ಬೋರ್ಡಿನಲ್ಲಿ ದೊಡ್ಡ ಅಕ್ಷರಗಳು ಮೂಡಿದವು, ಅದೇ ದನಿ ಕೂಗಿತು: “ಧಾರವಾಡದ ಫೇಡೆ ಅವರು ಒಳಗೆ ಬನ್ನಿ.” ಕೂತವರೆಲ್ಲ ಗೊಳ್ಳೆಂದು ನಕ್ಕರು. ಸುಳ್ಳು ಯಾಕೆ ಹೇಳಲಿ, ನನಗೂ ನಗು ಬಂತು. ಇವರು ಮಾತ್ರ ಎದ್ದು ಕೋಲು ಊರಿಕೊಂಡು ಒಳಗೆ ಹೋಗದೆ ಹೊರಗೆ ನಡೆದುಬಿಟ್ಟರು. ಮನೆಗೆ ಬಂದು ಪಾಟಿಯ ಮೇಲೆ ಎಡಗೈಯಿಂದ ಸೊಟ್ಟಸೊಟ್ಟಾಗಿ ಬರೆದರು: “ಧನೂಗ ಸುದ್ದಾ ನಾ ತಿಳೀಲಿಲ್ಲ.”

ಅಂದಿನಿಂದ ಆಸ್ಪತ್ರೆಗೆ ಒಲ್ಲೆ ಎನ್ನುತ್ತಾರೆ, ನಿನ್ನ ಫೋನಿಗೂ ಒಲ್ಲೆ. ಸೌಮ್ಯಾ ಡಾಕ್ಟರು ಫೋನ್ ಮಾಡಿ, “ಈಗ ಬಿಟ್ರ ಮಾತು ಹಿಂಗ ಉಳೀತದ್ರಿ ಅಜ್ಜಿ, ಲಗೂ ಕರ್ಕೊಂಡ ಬರ್ರಿ” ಎಂದರು. ಅದು ಯಂತ್ರ, ನಮ್ಮ ಧನೂ ಅಲ್ಲ ಎಂದು ನಾನು ಹೇಳಿದೆ. ಗೊತ್ತು ಎಂಬಂತೆ ತಲೆಯಾಡಿಸುತ್ತಾರೆ. ಗೊತ್ತಿದ್ದೂ ನೊಂದುಕೊಂಡವರಿಗೆ ಏನು ಹೇಳಲಿ? ನನಗಂತೂ ತಪ್ಪು ಯಾರದು ಎಂದೇ ಬಗೆಹರಿಯುತ್ತಿಲ್ಲ. ಯಂತ್ರ ಕೇಳಿದ್ದನ್ನು ಬರೆಯಿತು. ನೀನು ಪ್ರೀತಿಯಿಂದಲೇ ದನಿ ಕೊಟ್ಟೆ. ನಾನು ಹಿರಿಯರು ಹೇಳಿದಂತೆ ನಡೆದೆ. ನಿನ್ನ ಅಷ್ಟೊಂದು ಶಾಸ್ತ್ರಗಳಲ್ಲಿ, ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ ಎನ್ನುವುದು ಯಾವುದರ ಪಾಲಿಗೆ ಬರುತ್ತದೆ? ಆ ಶಾಸ್ತ್ರದವರು ನೋಡಿಕೊಳ್ಳುತ್ತಾರೆ ಎಂದು ಈ ಶಾಸ್ತ್ರದವರು, ಈ ಶಾಸ್ತ್ರದವರು ನೋಡಿಕೊಳ್ಳುತ್ತಾರೆ ಎಂದು ಆ ಶಾಸ್ತ್ರದವರು ಬಿಟ್ಟರೋ ಏನೋ. ಹತ್ತು ಮಂದಿ ನಡುವೆ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ. ಆ ಪರದೆಯಲ್ಲಿ ಬೆರಳಿನಿಂದ ಬರೆಯಲು ಒಂದಿಷ್ಟು ಜಾಗ ಇಡಿಸು. ಮತ್ತೆ, ಬೇಜಾರು ಮಾಡಿಕೊಳ್ಳಬೇಡ, ಅದರಿಂದ ನಿನ್ನ ದನಿ ತೆಗೆಸಿಬಿಡು. ಬೇರೆ ಯಾರದಾದರೂ ದನಿ ತಿಳಿಯಲಿಲ್ಲ ಎಂದರೆ ಇವರು ತಡೆದುಕೊಂಡಾರು.

ತಲೆಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಗುರುರಾಯರು ನಿನ್ನ ಕೈ ಹಿಡಿದು ನಡೆಸಲಿ. ಅಜ್ಜನ ಆಶೀರ್ವಾದವನ್ನು ಅವರನ್ನು ಕೇಳದೆಯೇ ಬರೆಯುತ್ತಿದ್ದೇನೆ, ಅದು ಇದ್ದೇ ಇದೆ.

ನಿನ್ನ ಅಜ್ಜಿ,
ತಾರಾಬಾಯಿ

ತಾ.ಕ.: ಕಾಗದ ಅಂಟಿಸದೆ ಇಟ್ಟದ್ದು ಒಳ್ಳೆಯದಾಯಿತು. ನಿನ್ನ ದನಿ ತೆಗೆಸಬೇಡ, ಅಲ್ಲೇ ಇರಲಿ. ಇವತ್ತು ಮುಂಜಾನೆ ಇವರಿಗೆ, “ನೀವು ಬರದಿದ್ರ ಬಿಡ್ರಿ, ಧನೂ ನಿಮ್ಮ ಹೆಸರ ಕೇಳ್ಯಾಳ, ನಾ ಒಬ್ಬಾಕಿನ ಹೋಗಿ ಹೇಳಿ ಬರ್ತೇನಿ” ಎಂದೆ. ನಾನು ಏನು ಹೇಳುತ್ತೇನೋ ನೋಡಬೇಕೆಂದು ಇವರೂ ಆಸ್ಪತ್ರೆಗೆ ನನ್ನ ಹಿಂದೆ ಬಂದರು. ನಿನ್ನ ದನಿ ಹೆಸರು ಕೇಳಿತು. ಆಗುವುದೆಲ್ಲ ನನಗಾಗಲಿ ಎಂದು ದೇವರಿಗೆ ಕೈಮುಗಿದು ಹೇಳಿಬಿಟ್ಟೆ, ಬಿಂದುಮಾಧವ ಎಂದು. ಒಡಪಿಲ್ಲ, ಹೆಸರಿನ ಕೊನೆಗೆ ರಾಯರು ಎಂಬುದೂ ಇಲ್ಲ. ಕಿವಿ ಬಿಸಿಯಾದವು. “ಧನ್ಯವಾದ, ಕುಳಿತುಕೊಳ್ಳಿ” ಎಂದಿತು. ಅಷ್ಟರಲ್ಲಿ “ಇನ್ನೊಮ್ಮಿ” ಎಂದು ಕೇಳಿಸಿತು. ಇದಕ್ಕೆ ಇನ್ನೂ ತಿಳಿಯಲಿಲ್ಲವೇ ಎಂದು ಸಿಟ್ಟಿನಿಂದ ಪರದೆಯ ಕಡೆ ನೋಡಿದೆ. ಅದು ಸುಮ್ಮನಿತ್ತು. ಇವರು ನನ್ನ ಸೆರಗು ಜಗ್ಗಿದರು. ಲಕ್ವಾ ಹೊಡೆದ ಮೇಲೆ ಅವರ ಬಾಯಿಂದ ಇಡಿಯಾಗಿ ಬಂದ ಮೊದಲ ಮಾತು, ಧನೂ. ಮತ್ತೆ ಅಂದರು, “ಇನ್ನೊಮ್ಮಿ.” ಹೇಳಿದೆ.